ನೋಡಿ ಮುಗಿದ ಮೈಸೂರಿಗೆ ಇಬ್ಬರು, ಎರಡು ದಿನ

ಬೆಂಗಳೂರಿನಲ್ಲಿರುವವರಿಗೆ ಮೈಸೂರು ಹೊಸದೇನಲ್ಲ. ಶಾಲೆಯ ಪ್ರವಾಸದಲ್ಲಿ ಅರಮನೆ, ಝೂ, ಕೆಆರ್‌ಎಸ್ ಆಗಿರುತ್ತದೆ. ಆಮೇಲೆ ಯಾರದೋ ಮದುವೆಗೆ ಹೋಗಿರುತ್ತಾರೆ, ಒಂದೆರಡು ದಸರಾ ನೋಡಿರುತ್ತಾರೆ, ಊಟಿಗೋ ಬಂಡೀಪುರಕ್ಕೋ ಹೋಗುವಾಗ ದೋಸೆಗೆಂದು ನಿಲ್ಲಿಸಿರುತ್ತಾರೆ. ಹೀಗಾಗಿ ಶನಿವಾರ-ಭಾನುವಾರ ಮೈಸೂರಿಗೆ ಹೋಗಿಬರೋಣ ಎಂದರೆ ಸ್ನೇಹಿತರ ಬಾಯಲ್ಲಿ ಮೊದಲು ಬರುವ ಮಾತು, ‘ಅಲ್ಲೇನಿದೆ, ಎಲ್ಲಾ ನೋಡಾಯ್ತಲ್ಲ’.

ನೋಡಿರುವುದು ನಿಜ. ಆದರೆ ಎಲ್ಲರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ನೋಡಿರುತ್ತಾರೆ. ಬೆಳಿಗ್ಗೆ ಬೆಂಗಳೂರು ಬಿಟ್ಟವರು ಅರಮನೆ ಮುಟ್ಟುವುದು ಹನ್ನೊಂದಕ್ಕೆ, ಝೂಗೆ ಹೋಗುವುದು ನಡುಮಧ್ಯಾಹ್ನ, ಬೆಟ್ಟಕ್ಕೆ ನಾಲ್ಕು ಗಂಟೆ, ಬೃಂದಾವನಕ್ಕೆ ಕತ್ತಲು. ಒಂದು ಜಾಗದಿಂದ ಇನ್ನೊಂದಕ್ಕೆ ಕಾರಿನಲ್ಲಿ. ಮಧ್ಯೆ ಇರುವ ಊರು ಕಿಟಕಿಯಾಚೆ ಹಾದುಹೋಗುತ್ತದೆ. ಗೊತ್ತಿರುವ ಊರಿಗೆ ಮತ್ತೆ ಹೋಗುವವರು ಹೊಸ ಜಾಗಗಳ ಪಟ್ಟಿ ಹುಡುಕಬೇಕಾಗಿಲ್ಲ. ಅದೇ ಜಾಗಗಳಿಗೆ ಬೇರೆ ಹೊತ್ತಿನಲ್ಲಿ, ನಡೆದುಕೊಂಡು ಹೋದರೆ ಸಾಕು. ಹಳೇ ಮೈಸೂರು ಅದಕ್ಕೆ ಹೇಳಿಮಾಡಿಸಿದಂತಿದೆ: ಸ್ಟೇಷನ್, ಮಾರುಕಟ್ಟೆ, ಅರಮನೆ, ಜಗನ್ಮೋಹನ, ಚರ್ಚು ಎಲ್ಲವೂ ದೊಡ್ಡ ಗಡಿಯಾರದಿಂದ ಎರಡು ಕಿಲೋಮೀಟರ್ ಒಳಗೇ ಇವೆ.

ಊರಿಗಿಂತ ಮೊದಲು ಜೊತೆಗಾರರ ವಿಷಯ. ಇಬ್ಬರೂ ಊರು ಬಲ್ಲವರಾದರೆ ಕಷ್ಟ ಶುರುವಾಗುವುದು ‘ನಂಗೊತ್ತು’ ಎಂಬಲ್ಲಿಂದ. ಒಬ್ಬರು ಗೈಡ್ ಆಗಿಬಿಡುತ್ತಾರೆ, ಇನ್ನೊಬ್ಬರು ಬಾಲ. ಎರಡನೇ ದಿನದ ಹೊತ್ತಿಗೆ ಬಾಲಕ್ಕೆ ಬೇಸರ, ಗೈಡಿಗೆ ಸಿಟ್ಟು. ಇದಕ್ಕೆ ಸುಲಭದ ಉಪಾಯ ಎರಡು ದಿನವನ್ನು ನಾಲ್ಕು ಅರ್ಧದಿನಗಳಾಗಿ ಒಡೆದು ಒಂದೊಂದನ್ನೂ ಒಬ್ಬೊಬ್ಬರ ಜವಾಬ್ದಾರಿಗೆ ಬಿಡುವುದು. ನಿಮ್ಮ ಸರದಿಯಲ್ಲದಾಗ ಸಲಹೆ ಕೊಡಬಾರದು, ‘ಆ ಕಡೆಯಿಂದ ಹೋಗಿದ್ರೆ ಹತ್ರ ಆಗ್ತಿತ್ತು’ ಎನ್ನಬಾರದು. ಮ್ಯಾಪು ಒಬ್ಬರ ಫೋನಿನಲ್ಲಿ ಮಾತ್ರ. ರೂಮು ಬುಕ್ ಮಾಡುವ ಮೊದಲೇ ಮೂರು ಮಾತು ಮುಗಿಸಿಕೊಳ್ಳಿ: ಎಷ್ಟೊತ್ತಿಗೆ ಏಳುವುದು, ದಿನಕ್ಕೆ ಎಷ್ಟು ನಡೆಯಲು ತಯಾರು, ಎಷ್ಟು ಖರ್ಚು. ಇವುಗಳಲ್ಲಿ ಏಳುವ ಹೊತ್ತೇ ಮುಖ್ಯ. ಎಂಟಕ್ಕೆ ಏಳುವ ಸ್ನೇಹಿತರ ಜೊತೆ ಈ ಪ್ರವಾಸ ಆಗುವುದಿಲ್ಲ, ಅವರನ್ನು ಇನ್ನೊಂದು ಊರಿಗೆ ಕರೆದುಕೊಂಡು ಹೋಗಿ. ದುಡ್ಡನ್ನು ಇಬ್ಬರೂ ಸಮನಾಗಿ ಮೊದಲೇ ಹಾಕಿ ಒಬ್ಬರೇ ಕೊಡುತ್ತಾ ಹೋದರೆ ಪ್ರತಿ ಕಾಫಿಗೂ ಲೆಕ್ಕ ಮಾಡುವುದು ತಪ್ಪುತ್ತದೆ. ಹೂವು, ಎಲೆ, ಸಿಟಿ ಬಸ್ಸಿಗೆಂದು ಹತ್ತು-ಇಪ್ಪತ್ತರ ನೋಟು ಬೇರೆ ಇಟ್ಟುಕೊಳ್ಳಿ.

ಕಾರು ಬೇಡ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ 139 ಕಿಲೋಮೀಟರ್, ಜೋಡಿ ಹಳಿ, ವಿದ್ಯುತ್ ಮಾರ್ಗ. ಗಾಡಿಯ ದರ್ಜೆಗೆ ತಕ್ಕಂತೆ ಎರಡರಿಂದ ಮೂರು ಗಂಟೆ. ಹೆದ್ದಾರಿ ಇದಕ್ಕಿಂತ ಬೇಗ ಮುಟ್ಟಿಸಬಹುದು, ಆದರೆ ಮುಟ್ಟಿದ ಮೇಲೆ ಕಾರೇ ಹೊರೆ. ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆಯ ಸುತ್ತ ಶನಿವಾರ ಸಂಜೆ ನಿಲ್ಲಿಸಲು ಜಾಗ ಹುಡುಕುವುದರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ, ಒಮ್ಮುಖ ರಸ್ತೆಗಳಲ್ಲಿ ಒಂದು ತಿರುವು ತಪ್ಪಿದರೆ ಇನ್ನೊಂದು ಸುತ್ತು. ಬೈಕಿನವರಿಗೆ ಇನ್ನೊಂದು ತೊಡಕು: 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ. ಹೆಂಗಸರಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇದೆ, ಗುರುತಿನ ಚೀಟಿ ಕೈಯಲ್ಲಿರಲಿ. ಐರಾವತದಂಥ ಐಷಾರಾಮಿ ಬಸ್ಸುಗಳಿಗೆ ಅದು ನಡೆಯುವುದಿಲ್ಲ.

ರೈಲಿನ ಲಾಭ ಇನ್ನೊಂದಿದೆ. ಶ್ರೀರಂಗಪಟ್ಟಣದ ದ್ವೀಪವನ್ನು ಅದು ಕೋಟೆಯ ಒಳಗಿನಿಂದಲೇ ದಾಟುತ್ತದೆ, ಕಾವೇರಿಯ ಕವಲುಗಳು ದ್ವೀಪದ ಎರಡೂ ಬದಿ ಸಿಗುತ್ತವೆ. ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಮದ್ದಿನಮನೆಯೊಂದು ದಾರಿಗೆ ಅಡ್ಡ ಬಂದಿತ್ತು. 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಬುಡದಿಂದ ಎತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆಗೆ ಸರಿಸಿದರು. ಬಾಗಿಲ ಬಳಿ ನಿಂತು ನೋಡುವ ಆಸೆಯಿದ್ದರೆ ಪಾಂಡವಪುರ ಸ್ಟೇಷನ್ ದಾಟುತ್ತಿದ್ದಂತೆ ಎದ್ದುಬಿಡಿ.

ಉಳಿದುಕೊಳ್ಳಲು ಎರಡು ದಾರಿ. ಗಾಂಧಿ ಚೌಕದ ಸುತ್ತಿನ ಹಳೇ ಲಾಡ್ಜುಗಳಿಂದ ಎಲ್ಲವೂ ಕಾಲಳತೆಯಲ್ಲಿವೆ, ಆದರೆ ಬೆಳಗಿನ ಜಾವದಿಂದಲೇ ಸದ್ದು. ರಸ್ತೆ ಕಡೆಯ ಕಿಟಕಿಯ ರೂಮು ಬೇಡ, ಹಿಂದಿನದು ಕೊಡಿ ಎಂದು ಕೇಳಿ. ಯಾದವಗಿರಿ, ವಿ.ವಿ. ಮೊಹಲ್ಲಾ ಕಡೆ ಗದ್ದಲವಿಲ್ಲ, ಮರಗಳಿವೆ, ಆದರೆ ಓಡಾಟಕ್ಕೆ ಆಟೋ ಬೇಕು. ಎರಡೇ ದಿನವಾದ್ದರಿಂದ ನನ್ನ ಓಟು ಗಾಂಧಿ ಚೌಕಕ್ಕೆ. ಹಳೇ ಲಾಡ್ಜುಗಳಲ್ಲಿ ಇನ್ನೂ ಇಪ್ಪತ್ತನಾಲ್ಕು ಗಂಟೆ ಲೆಕ್ಕವಿರುತ್ತದೆ, ಹೊಸ ಹೋಟೆಲುಗಳಲ್ಲಿ ಹನ್ನೊಂದಕ್ಕೋ ಹನ್ನೆರಡಕ್ಕೋ ಖಾಲಿ ಮಾಡಬೇಕು. ಮೊದಲೇ ಕೇಳಿ. ಇಬ್ಬರ ಗುರುತಿನ ಚೀಟಿಯೂ ಬೇಕಾಗುತ್ತದೆ, ಒಬ್ಬರದು ಸಾಲದು.

ಸ್ಟೇಷನ್ನಿನಿಂದ ಹೊರಬಿದ್ದ ಕೂಡಲೇ ‘ಐವತ್ತು ರೂಪಾಯಿಗೆ ಊರೆಲ್ಲ ತೋರಿಸ್ತೀನಿ’ ಎನ್ನುವ ಆಟೋ ಸಿಗಬಹುದು. ಅದು ನಿಲ್ಲುವುದು ರೇಷ್ಮೆ, ಗಂಧ, ಅಗರಬತ್ತಿ ಮಾರುವ ಅಂಗಡಿಗಳ ಮುಂದೆ, ಕಮಿಷನ್ ಅಲ್ಲಿಂದ ಬರುತ್ತದೆ. ಬೆನ್ನಿಗೊಂದೇ ಚೀಲವಿದ್ದರೆ ಆಟೋ ಬೇಕಾಗಿಯೇ ಇಲ್ಲ. ಮೆಡಿಕಲ್ ಕಾಲೇಜು ದಾಟಿ ಇರ್ವಿನ್ ರಸ್ತೆ ಹಿಡಿದರೆ ಆಯುರ್ವೇದ ಕಾಲೇಜಿನ ವೃತ್ತಕ್ಕೆ ಇಪ್ಪತ್ತು ನಿಮಿಷದ ದಾರಿ. ಅಲ್ಲಿಂದ ಬಲಕ್ಕೆ ತಿರುಗಿದರೆ ಸಯ್ಯಾಜಿರಾವ್ ರಸ್ತೆ, ದೇವರಾಜ ಮಾರುಕಟ್ಟೆ.

ಈ ರಸ್ತೆ ಎಲ್ಲರಿಗೂ ಗೊತ್ತು, ಟಿವಿಯಲ್ಲಿ. ವಿಜಯದಶಮಿಯ ದಿನ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಅರಮನೆಯಿಂದ ಹೊರಟು, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಬಂಬೂ ಬಜಾರ್, ಹೈವೇ ವೃತ್ತದ ಮೂಲಕ ಬನ್ನಿಮಂಟಪಕ್ಕೆ ಹೋಗುವುದು ಇದೇ ದಾರಿಯಲ್ಲಿ, ಸುಮಾರು ಐದು ಕಿಲೋಮೀಟರ್. ಸಾಮಾನ್ಯ ಶನಿವಾರ ಅದರ ಮೊದಲ ಒಂದೂವರೆ ಕಿಲೋಮೀಟರ್ ನಡೆದು ನೋಡಿ. ಎಲ್ಲಿ ರಸ್ತೆ ಇಕ್ಕಟ್ಟು, ಎಲ್ಲಿ ಮಹಡಿಯ ಕಿಟಕಿಗಳು ಸಾಲುಗಟ್ಟಿವೆ, ಜನ ಯಾಕೆ ಬೆಳಿಗ್ಗೆಯೇ ಬಂದು ಜಾಗ ಹಿಡಿಯುತ್ತಾರೆ ಎಂಬುದೆಲ್ಲ ಜಂಬೂಸವಾರಿಯ ದಿನಕ್ಕಿಂತ ಆವತ್ತು ಚೆನ್ನಾಗಿ ಅರ್ಥವಾಗುತ್ತದೆ.

ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಹೋಗಬೇಕು. ಹತ್ತರ ನಂತರ ಅದು ಪ್ರವಾಸಿಗಳ ಮಾರುಕಟ್ಟೆ, ಅದಕ್ಕೂ ಮೊದಲು ಊರಿನದ್ದು. ಹೂವಿನ ಸಾಲಿನಲ್ಲಿ ಬಿಡಿ ಹೂವು ತೂಕಕ್ಕೆ, ಕಟ್ಟಿದ್ದು ಮಾರಿಗೆ ಅಥವಾ ಮೊಳಕ್ಕೆ. ಮೊಳವೆಂದರೆ ಮಾರುವವರ ಮೊಳ, ಕೊಳ್ಳುವವರದಲ್ಲ, ಆದ್ದರಿಂದ ಉದ್ದ ಕೈಯವರ ಹತ್ತಿರ ಕೊಳ್ಳುವುದು ಜಾಣತನ. ಮೈಸೂರು ಮಲ್ಲಿಗೆಯ ಮೊಗ್ಗು ಬೆಳಿಗ್ಗೆ ಬಿಗಿಯಾಗಿದ್ದು ಸಂಜೆಗೆ ಬಿರಿಯುತ್ತದೆ. ಆವತ್ತೇ ಮುಡಿಯಲು ಬೆಳಿಗ್ಗೆ ಕೊಳ್ಳಿ. ಊರಿಗೆ ಒಯ್ಯುವುದಿದ್ದರೆ ಹೊರಡುವ ಹೊತ್ತಿಗೆ, ಇನ್ನೂ ಬಿರಿಯದ ಮೊಗ್ಗನ್ನೇ ಕೇಳಿ ತೆಗೆದುಕೊಂಡು ಬಾಳೆಎಲೆಯಲ್ಲಿ ಸುತ್ತಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದರೆ ಬೆವರಿ ಮಂಡ್ಯ ಬರುವಷ್ಟರಲ್ಲಿ ಕಂದಿಹೋಗಿರುತ್ತದೆ.

ವೀಳ್ಯದೆಲೆಯ ಸಾಲಿನಲ್ಲಿ ‘ಮೈಸೂರು ಚಿಗುರೆಲೆ’ ಎಂದೇ ಕೇಳಬೇಕು. ಅರಮನೆಯ ದಕ್ಷಿಣಕ್ಕೆ ನಂಜನಗೂಡು ರಸ್ತೆಯ ಕಡೆಗಿದ್ದ ಎಲೆತೋಟಗಳಲ್ಲಿ ಬೆಳೆಯುತ್ತಿದ್ದ ತಳಿ ಇದು, ಮಲ್ಲಿಗೆ ಮತ್ತು ನಂಜನಗೂಡು ರಸಬಾಳೆಯಂತೆ ಇದಕ್ಕೂ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ತೋಟಗಳ ಬಹುಪಾಲು ಜಾಗದಲ್ಲಿ ಈಗ ಮನೆಗಳಿವೆ. ಎಲೆ ತೆಳ್ಳಗೆ, ನುಣ್ಣಗಿರಬೇಕು, ಮಡಿಸಿದರೆ ಲಟ್ಟನೆ ಮುರಿಯಬಾರದು. ರಸಬಾಳೆಯ ಕಥೆ ಇನ್ನೂ ಕಷ್ಟದ್ದು. ಪನಾಮ ಸೊರಗು ರೋಗ ಅದರ ತೋಟಗಳನ್ನು ತಿಂದುಹಾಕಿತು, ಹಾಗಾಗಿ ರಸಬಾಳೆ ಎಂದು ಮಾರುವುದೆಲ್ಲ ನಂಜನಗೂಡಿನದೇ ಎಂದು ನಂಬಬೇಡಿ. ಅತ್ತರು, ಗಂಧದೆಣ್ಣೆಯ ಅಂಗಡಿಯಲ್ಲಿ ಮೂಸಿ ನೋಡಲು ಅಡ್ಡಿಯಿಲ್ಲ, ಆದರೆ ‘ಅಪ್ಪಟ ಗಂಧದೆಣ್ಣೆ’ ಅಗ್ಗಕ್ಕೆ ಸಿಗುವ ಪದಾರ್ಥವೇ ಅಲ್ಲ. ಬೇಕಾದರೆ ಸರ್ಕಾರಿ ಸಾಬೂನು ಮತ್ತು ಮಾರ್ಜಕ ನಿಗಮದ ಮಳಿಗೆಯಲ್ಲಿ ಕೊಳ್ಳಿ. ಕುಂಕುಮದ ರಾಶಿಗಳ ಫೋಟೋ ಬೇಕೇ ಬೇಕು ಎನ್ನುವವರು ಮೊದಲು ಕಾಲು ಕಿಲೋ ಏನಾದರೂ ಕೊಂಡು ಆಮೇಲೆ ಫೋನು ತೆಗೆಯುವುದು ಮರ್ಯಾದೆ.

ಈ ಕಟ್ಟಡ ಎಷ್ಟು ದಿನ ಹೀಗಿರುತ್ತದೆ ಎಂಬ ಪ್ರಶ್ನೆಯೂ ಇದೆ. 2012ರಲ್ಲಿ ಪಕ್ಕದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಮಾರುಕಟ್ಟೆಯ ಉತ್ತರದ ಬಾಗಿಲೇ ಬಿತ್ತು. ಕೆಡವಿ ಕಟ್ಟಬೇಕೋ, ಇದ್ದುದನ್ನೇ ಗಟ್ಟಿಮಾಡಬೇಕೋ ಎಂಬ ಜಗಳ ನ್ಯಾಯಾಲಯದವರೆಗೂ ಹೋಯಿತು. ಸುಣ್ಣದ ಗಾರೆಯ ಕಟ್ಟಡಕ್ಕೆ ಮಾಡಿನ ನೀರು ಇಳಿಯತೊಡಗಿದರೆ ಗೋಡೆಯೊಳಗೆ ಸಡಿಲವಾಗುತ್ತದೆ, ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಇನ್ನೂ ಬೇಗ ಹಾಳು. ಕಮಾನುಗಳ ಕೆಳಗೆ ನಿಂತು ತಲೆಯೆತ್ತಿ ನೋಡಿದರೆ ಎಲ್ಲೆಲ್ಲಿ ತೇಪೆ ಹಾಕಿದ್ದಾರೆಂಬುದು ಗೊತ್ತಾಗುತ್ತದೆ.

ಮಾರುಕಟ್ಟೆಯ ಮುಂದೆ ಚಿಕ್ಕ ಗಡಿಯಾರ, ವೈಸರಾಯ್ ಡಫರಿನ್ ಬಂದ 1886ರ ನೆನಪಿನದು. ಅಲ್ಲಿಂದ ಕೂಗಳತೆಯಲ್ಲಿ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ್ದಕ್ಕೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು, ಎತ್ತರ 75 ಅಡಿ. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ನೂರು ಸಲ ಹಾದುಹೋದವರನ್ನು ‘ದೊಡ್ಡ ಗಡಿಯಾರದಲ್ಲಿ ಯಾವ ಅಂಕಿ ಇದೆ’ ಎಂದು ಕೇಳಿ ನೋಡಿ, ಅರ್ಧಕ್ಕರ್ಧ ಜನ ತಡವರಿಸುತ್ತಾರೆ. ಪಕ್ಕದ ಟೌನ್‌ಹಾಲ್ 1884ರದ್ದು, 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ಮೊದಲ ದಿವಾನರಾಗಿದ್ದ ರಂಗಾಚಾರ್ಲು ಅವರ ಹೆಸರಿನದು.

ಅರಮನೆಯ ಒಳಗೆ ಹೋಗುವುದಾದರೆ ಶನಿವಾರ ಹತ್ತಕ್ಕೆ, ಬಾಗಿಲು ತೆಗೆಯುತ್ತಿದ್ದಂತೆ. ಕಾರಣ ಎರಡು. ಹನ್ನೊಂದರ ನಂತರ ಬೆಂಗಳೂರಿನ ಬಸ್ಸುಗಳು ಬಂದು ಮುಟ್ಟುತ್ತವೆ, ಒಳಗಿನ ಸಾಲು ನಿಮ್ಮನ್ನು ನಿಲ್ಲಲು ಬಿಡದೆ ನೂಕುತ್ತದೆ. ಇನ್ನೊಂದು, ಅರಮನೆಯ ಮುಖ ಪೂರ್ವಕ್ಕಿದೆ. ಬೆಳಗಿನ ಬಿಸಿಲು ಅದರ ಎದುರಿಗೇ ಬೀಳುತ್ತದೆ. ಮಧ್ಯಾಹ್ನದ ನಂತರ ಸೂರ್ಯ ಹಿಂದೆ ಹೋಗಿ ಮುಂಭಾಗವೆಲ್ಲ ನೆರಳು, ಆಗ ತೆಗೆದ ಫೋಟೋದಲ್ಲಿ ಆಕಾಶ ಬಿಳಿಚಿ ಅರಮನೆ ಮಸಿ ಹಿಡಿದಂತೆ ಕಾಣುತ್ತದೆ. ಚಪ್ಪಲಿ ಹೊರಗೇ ಬಿಡಬೇಕು. ಬೇಸಿಗೆಯಲ್ಲಿ ಅಂಗಳದ ಕಲ್ಲು ಮಧ್ಯಾಹ್ನ ಕಾಲು ಸುಡುತ್ತದೆ, ಕಾಲುಚೀಲವಿದ್ದರೆ ಬಚಾವು.

ಒಳಗೆ ಎಲ್ಲರೂ ದರ್ಬಾರ್ ಹಾಲಿಗೆ ಓಡುತ್ತಾರೆ. ನಿಲ್ಲಬೇಕಾದದ್ದು ಕಲ್ಯಾಣ ಮಂಟಪದ ಸುತ್ತ. ನವಿಲಿನ ಚಿತ್ತಾರದ ಬಣ್ಣದ ಗಾಜಿನ ಮಾಡು, ಅದನ್ನು ಹೊತ್ತಿರುವ ಗ್ಲಾಸ್ಗೊದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬಗಳು, ಸುತ್ತಲಿನ ಗೋಡೆಯ ಮೇಲೆ ದಸರಾ ಮೆರವಣಿಗೆಯ 26 ಚಿತ್ರಗಳು. ಇಬ್ಬರೂ ಬೇರೆಬೇರೆ ದಿಕ್ಕಿನಿಂದ ಶುರುಮಾಡಿ ನಡುವೆ ಸೇರುವುದು ಒಳ್ಳೆಯದು. ಜೊತೆಯಲ್ಲೇ ನಡೆದರೆ ಮಾತಿನ ಭರದಲ್ಲಿ ನೋಟ ಹಾರಿಹೋಗುತ್ತದೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ವಿನ್ಯಾಸದ ಈಗಿನದು 1912ರಲ್ಲಿ ಮುಗಿಯಿತು. ಹೊಸದರಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ ಇಷ್ಟೊಂದು ಯಾಕೆ ಎಂಬುದಕ್ಕೆ ಆ ಬೆಂಕಿಗಿಂತ ಬೇರೆ ವಿವರಣೆ ಬೇಕಿಲ್ಲ. ಅದೇ ರಾಜಕುಮಾರಿಗಾಗಿ 1905ರಲ್ಲಿ ಕಟ್ಟಿದ ಜಯಲಕ್ಷ್ಮಿ ವಿಲಾಸ ಮಾನಸಗಂಗೋತ್ರಿಯ ಆವರಣದಲ್ಲಿದೆ, ಜಾನಪದ ವಸ್ತುಸಂಗ್ರಹಾಲಯ ಇರುವುದು ಅಲ್ಲೇ. ದುರಸ್ತಿಗೆಂದು ಮುಚ್ಚುವುದುಂಟು, ಕೇಳಿಕೊಂಡು ಹೋಗಿ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ರಜೆ ಎಂಬುದೂ ನೆನಪಿರಲಿ.

ಮಧ್ಯಾಹ್ನದ ಬಿಸಿಲಿಗೆ ಜಗನ್ಮೋಹನ ಅರಮನೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 1861ರ ಕಟ್ಟಡ, 1915ರಿಂದ ಚಿತ್ರಶಾಲೆ. ಹೆಚ್ಚಿನವರು ಇಲ್ಲಿಗೆ ಬರುವುದು ಹಲ್ದಾಂಕರರ ದೀಪ ಹಿಡಿದ ಹೆಣ್ಣಿನ ಚಿತ್ರಕ್ಕಾಗಿ. ಕತ್ತಲೆ ಕೋಣೆಯಲ್ಲಿಟ್ಟಿರುವ ಅದು ತೈಲವರ್ಣವಲ್ಲ, ಜಲವರ್ಣ. ದೂರದಿಂದಲೇ ಅಂಗೈ ಅಡ್ಡ ಹಿಡಿದು ದೀಪವನ್ನು ಮರೆಮಾಡಿ ನೋಡಿ, ಮುಖದ ಮೇಲಿನ ಬೆಳಕು ಎಲ್ಲಿಂದ ಬರುತ್ತಿದೆ ಎಂಬ ಗೊಂದಲ ಶುರುವಾಗುತ್ತದೆ. ಜಲವರ್ಣದಲ್ಲಿ ಬೆಳಕೆಂದರೆ ಬಣ್ಣ ಹಚ್ಚದೆ ಬಿಟ್ಟ ಕಾಗದ. ಸುತ್ತ ಗಾಢ ಬಣ್ಣ ಕಟ್ಟುತ್ತಾ ಬಂದು ಆ ಜಾಗವನ್ನು ಕಾಪಾಡಿಕೊಳ್ಳಬೇಕು, ಒಮ್ಮೆ ಕೆಟ್ಟರೆ ಮೇಲೆ ಬಿಳಿ ಹಚ್ಚಿ ತಿದ್ದಿದ್ದು ಕಂಡುಬಿಡುತ್ತದೆ. ರವಿವರ್ಮನ ಚಿತ್ರಗಳು, ಗಂಟೆಗೊಮ್ಮೆ ಪುಟ್ಟ ಸಿಪಾಯಿಗಳು ಸಾಲುಹೋಗುವ ಫ್ರೆಂಚ್ ಗಡಿಯಾರ ಕೂಡ ಇಲ್ಲೇ. ಗಂಟೆ ಹೊಡೆಯುವ ಐದು ನಿಮಿಷ ಮೊದಲು ಅದರ ಮುಂದೆ ಇರಿ.

ಊಟದ ವಿಷಯದಲ್ಲಿ ಜಗಳ ಗ್ಯಾರಂಟಿ. ನಜರ್‌ಬಾದಿನ ಮೈಲಾರಿ ದೋಸೆ ತೆಳ್ಳಗಿನ ಗರಿಗರಿಯದಲ್ಲ. ಮೆತ್ತಗೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಒಳಗೆ ಸಾಗು, ಮೇಲೆ ಬೆಣ್ಣೆ, ಜೊತೆಗೆ ಕಾಯಿಚಟ್ನಿ. ಗರಿಗರಿ ಬಯಸುವವರು ಮೊದಲೇ ಮನಸ್ಸು ಸಿದ್ಧಮಾಡಿಕೊಂಡಿರಬೇಕು. ಆ ಹೆಸರಿನ ಹೋಟೆಲುಗಳು ಒಂದಕ್ಕಿಂತ ಹೆಚ್ಚಿವೆ, ಯಾವುದು ಮೂಲದ್ದು ಎಂಬ ವಾದಕ್ಕಿಂತ ಯಾವುದರ ಮುಂದೆ ಸಾಲು ಚಿಕ್ಕದಿದೆ ಎಂಬುದು ಭಾನುವಾರ ಒಂಬತ್ತಕ್ಕೆ ಮುಖ್ಯವಾಗುತ್ತದೆ. ಮಾಂಸ ತಿನ್ನುವವರಿಗೆ ಮಂಡಿ ಮೊಹಲ್ಲಾದ ಹನುಮಂತು ಪಲಾವ್ ಇದೆ. ಬೇಗ ಹೋಗಿ, ಹಂಡೆ ಖಾಲಿಯಾದ ಮೇಲೆ ಹೋದರೆ ಬರಿಗೈ.

ಮೈಸೂರು ಪಾಕ್ ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನಲ್ಲಿ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಕೊಳ್ಳುವ ಮೊದಲು ಎರಡು ಬಗೆ ತಿಳಿದಿರಲಿ. ಬೆಣ್ಣೆಯಂತೆ ಕರಗುವ ಮೆತ್ತನೆಯದು ಒಂದು, ಗೂಡುಗೂಡಾದ ಗಟ್ಟಿಯದು ಇನ್ನೊಂದು. ಎರಡಕ್ಕೂ ಕಡಲೆಹಿಟ್ಟು, ಸಕ್ಕರೆ, ತುಪ್ಪವೇ. ಮನೆಯ ಅಳತೆಯಲ್ಲಿ ಒಂದು ಲೋಟ ಹಿಟ್ಟಿಗೆ ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪ. ಒಂದೆಳೆ ಪಾಕಕ್ಕೆ ಹಿಟ್ಟು ಹಾಕಿ, ಇನ್ನೊಂದು ಒಲೆಯ ಮೇಲೆ ಕುದಿಯುವಷ್ಟು ಬಿಸಿಯಿರುವ ತುಪ್ಪವನ್ನು ಸೌಟು ಸೌಟಾಗಿ ಸುರಿದಾಗ ಚುರ್ರೆಂದು ನೊರೆಯೇಳುತ್ತದೆ, ಗೂಡು ಹುಟ್ಟುವುದು ಆ ನೊರೆಯಿಂದ. ತುಪ್ಪ ಬೆಚ್ಚಗಿದ್ದರೆ ಗೂಡಿಲ್ಲ. ಬೇಗ ಇಳಿಸಿದರೆ ಹಲ್ವ, ಒಂದು ನಿಮಿಷ ತಡವಾದರೆ ಪುಡಿ. ಆಳದ ತಟ್ಟೆಗೆ ಸುರಿದಾಗ ನಡುವೆ ಬಿಸಿ ಉಳಿದು ಅಲ್ಲಿ ಕಂದು ಬಣ್ಣ ಬರುತ್ತದೆ, ಆದ್ದರಿಂದ ಗಟ್ಟಿ ಪಾಕಿನ ತುಂಡಿನ ನಡುವೆ ಕಪ್ಪು ಪಟ್ಟಿ ಕಂಡರೆ ಸೀದಿದೆ ಎಂದುಕೊಳ್ಳಬೇಡಿ, ಸರಿಯಾಗಿ ಆಗಿದೆ. ಮೆತ್ತನೆಯದನ್ನು ಬ್ಯಾಗಿನ ಅಡಿಯಲ್ಲಿಟ್ಟರೆ ಮನೆ ಮುಟ್ಟುವಾಗ ಮುದ್ದೆ.

ರೇಷ್ಮೆ ಸೀರೆಯ ಯೋಚನೆಯಿದ್ದರೆ ಶನಿವಾರವೇ ಮುಗಿಸಿ. 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿದೆ, ಭಾನುವಾರ ಮಗ್ಗ ನಡೆಯುವುದಿಲ್ಲ. ಅದನ್ನು ನಡೆಸುವ ಸರ್ಕಾರಿ ರೇಷ್ಮೆ ನಿಗಮದ (ಕೆಎಸ್‌ಐಸಿ) ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಪ್ರತಿ ಸೀರೆಗೂ ಅದರದೇ ಸಂಖ್ಯೆ ಇರುತ್ತದೆ. ಬೇರೆಲ್ಲೋ ‘ಮೈಸೂರ್ ಸಿಲ್ಕ್, ಫ್ಯಾಕ್ಟರಿ ರೇಟು’ ಎಂದು ತೋರಿಸಿದರೆ ಆ ಸಂಖ್ಯೆ ಎಲ್ಲಿ ಎಂದು ಕೇಳಿ.

ಸಂಜೆ ಐದರ ನಂತರ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿಯವರು ತೋಡಿಸಿದ್ದು, ಹುಣಸೂರು ರಸ್ತೆ ಮತ್ತು ಬೋಗಾದಿ ರಸ್ತೆಯ ನಡುವೆ. ಸುತ್ತು ನಾಲ್ಕೈದು ಕಿಲೋಮೀಟರ್, ಮಾತಾಡುತ್ತಾ ನಡೆದರೆ ಒಂದೂಕಾಲು ಗಂಟೆ. ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಬಣ್ಣದ ಕೊಕ್ಕರೆ. ನವೆಂಬರಿನಿಂದ ಫೆಬ್ರವರಿವರೆಗೆ ಹೊರಗಿನ ಹಕ್ಕಿಗಳೂ ಸೇರುತ್ತವೆ. ದುರ್ಬೀನು ಒಂದೇ ಇದ್ದರೆ ‘ಕೊಡು ಕೊಡು’ ಎನ್ನುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ, ಇಬ್ಬರ ಹತ್ತಿರವೂ ಇರಲಿ. ಕತ್ತಲಾಗುವ ಮೊದಲೇ ಗೇಟು ಹಾಕುವ ತಯಾರಿ ನಡೆಯುವುದರಿಂದ ಸುತ್ತನ್ನು ತಡವಾಗಿ ಶುರುಮಾಡಬೇಡಿ.

ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ. ಕಾರಿನಲ್ಲಲ್ಲ, ಮೆಟ್ಟಿಲಿನಿಂದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ, ಇದರ ಮೆಟ್ಟಿಲು ಹತ್ತಿರದಿಂದಲೂ ಮೋಸಮಾಡುತ್ತದೆ. ಒಂದು ಸಾವಿರದಷ್ಟಿರುವ ಮೆಟ್ಟಿಲುಗಳು ಒಂದೇ ಎತ್ತರದವಲ್ಲ, ಮೊದಲ ಭಾಗವೇ ಕಡಿದು. ಉಸಿರು ಕಟ್ಟುವುದು ಅಲ್ಲೇ, ‘ಇನ್ನೂ ಇಷ್ಟಿದೆಯಾ’ ಎಂದು ವಾಪಸಾಗುವವರೂ ಅಲ್ಲಿಂದಲೇ. ಅದನ್ನು ದಾಟಿದರೆ ಉಳಿದದ್ದು ಹಗುರ. ಆರಕ್ಕೆ ಪಾದದ ಹತ್ತಿರ ಇರಿ, ಅಷ್ಟೊತ್ತಿಗೆ ಸಿಟಿ ಬಸ್ ನೆಚ್ಚಿಕೊಳ್ಳಬೇಡಿ, ಹಿಂದಿನ ರಾತ್ರಿಯೇ ಆಟೋ ಮಾತಾಡಿಡಿ. ತಲೆಗೆ ಅರ್ಧ ಲೀಟರ್ ನೀರು ಸಾಕು. ಹರಕೆಯವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿರುತ್ತಾರೆ, ಇಬ್ಬನಿಯೋ ಮಳೆಯೋ ಬಿದ್ದರೆ ಅದು ಜಾರುತ್ತದೆ. ಮೆಟ್ಟಿಲಿನ ನಡುಭಾಗ ಬಿಟ್ಟು ಅಂಚಿನಲ್ಲಿ ಕಾಲಿಡಿ, ಅವರಿಗೂ ಅಡ್ಡಿಯಾಗುವುದಿಲ್ಲ.

ಇಬ್ಬರ ನಡಿಗೆಯ ವೇಗ ಒಂದೇ ಇರುವುದು ಅಪರೂಪ. ಜೊತೆಯಲ್ಲೇ ಹತ್ತುವ ಹಟ ಬಿಟ್ಟು, ಏಳುನೂರನೇ ಮೆಟ್ಟಿಲಿನ ಆಸುಪಾಸಿನಲ್ಲಿರುವ ನಂದಿಯ ಹತ್ತಿರ ಸೇರುವುದೆಂದು ಮಾತಾಡಿಕೊಳ್ಳಿ. ನಿಧಾನದವರು ಬೇರೆಯವರ ವೇಗಕ್ಕೆ ಹತ್ತಿದರೆ ಸುಸ್ತು, ವೇಗದವರು ನಿಂತು ನಿಂತು ಹತ್ತಿದರೆ ಬೇಸರ. ಏಕಶಿಲೆಯ ಆ ನಂದಿ, ಈ ಮೆಟ್ಟಿಲುಗಳು, ಎರಡೂ 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದವು. ನಂದಿಯಿಂದ ಮೇಲಕ್ಕೆ ಇನ್ನು ಮುನ್ನೂರು ಚಿಲ್ಲರೆ. ಒಟ್ಟು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇಳಿಯಲು ಮೆಟ್ಟಿಲು ಬೇಡ, ಮಂಡಿಗೆ ಪೆಟ್ಟು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ. ಮೇಲಿಂದ 201 ನಂಬರಿನ ಸಿಟಿ ಬಸ್ ಹಿಡಿದರೆ ನೇರ ನಗರ ಬಸ್ ನಿಲ್ದಾಣ. ಆಷಾಢದ ಶುಕ್ರವಾರಗಳು ಮತ್ತು ಚಾಮುಂಡೇಶ್ವರಿಯ ವರ್ಧಂತಿಯ ದಿನ ಬೆಟ್ಟದ ಲೆಕ್ಕವೇ ಬೇರೆ, ಭಕ್ತಿಗೆ ಹೋಗುವವರಿಗೆ ಬಿಟ್ಟುಕೊಡಿ.

ಬೆಟ್ಟ ಊರಿನ ಆಗ್ನೇಯಕ್ಕಿರುವುದರಿಂದ ಬೆಳಿಗ್ಗೆ ಊರಿನ ಕಡೆ ನೋಡುವಾಗ ಸೂರ್ಯ ಬೆನ್ನ ಹಿಂದೆ. ಸಂಜೆ ಹೋದವರಿಗೆ ಕಣ್ಣು ಕುಕ್ಕುವ ಬಿಸಿಲಿನಲ್ಲಿ ಮಸುಕಾಗಿ ಕಂಡ ಊರು ಏಳು ಗಂಟೆಗೆ ಕಡೆದಿಟ್ಟಂತಿರುತ್ತದೆ. ಬುಡದಲ್ಲಿ ರೇಸ್‌ಕೋರ್ಸಿನ ಮೊಟ್ಟೆಯಾಕಾರ, ಅದರಾಚೆ ಕಾರಂಜಿ ಕೆರೆ, ಅರಮನೆಯ ಗುಮ್ಮಟಗಳು, ಬಲಕ್ಕೆ ಬೆಳ್ಳಗೆ ಲಲಿತಮಹಲ್, ಇನ್ನೂ ಆಚೆ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಜೋಡಿ ಗೋಪುರ. ಹಿಂದಿನ ದಿನ ನಡೆದ ದಾರಿಯನ್ನು ಮೇಲಿಂದ ಗುರುತಿಸುವುದು ಇಬ್ಬರಿಗೆ ಒಳ್ಳೆಯ ಕಸರತ್ತು. ದಸರಾ ವಸ್ತುಪ್ರದರ್ಶನದ ಮೈದಾನ ಒಂದು ಕಾಲಕ್ಕೆ ದೊಡ್ಡಕೆರೆ ಆಗಿತ್ತು ಎಂಬುದು ಮೇಲಿಂದ ತಗ್ಗು ನೋಡಿದಾಗ ನಂಬಿಕೆಗೆ ಬರುತ್ತದೆ. ಪ್ಲೇಗಿನ ನಂತರ 1903ರಲ್ಲಿ ನಗರ ಸುಧಾರಣಾ ಮಂಡಳಿ ಮಾಡಿ ಹೊಸ ಬಡಾವಣೆಗಳನ್ನು ಅಗಲ ರಸ್ತೆಗಳೊಂದಿಗೆ ಬಿಡಿಸಿದ್ದು ಕೂಡ ಇಲ್ಲಿಂದ ಸ್ಪಷ್ಟ: ಕೋಟೆಯ ಸುತ್ತಿನ ಮಾಡುಗಳು ಒತ್ತೊತ್ತಾಗಿ, ಆಮೇಲಿನವು ಮರಗಳ ನಡುವೆ.

ಭಾನುವಾರದ ಝೂ ಬೇಡವೇ ಬೇಡ. ಮಕ್ಕಳಿದ್ದರೆ ಮಾತು ಬೇರೆ. ಅದೇ ಹೊತ್ತಿಗೆ ರೂಮಿಗೆ ಬಂದು ಎರಡು ಗಂಟೆ ಮಲಗಿ, ಬೆಳಿಗ್ಗೆ ಐದಕ್ಕೆ ಎದ್ದವರಿಗೆ ಅದರ ಅಗತ್ಯ ಇರುತ್ತದೆ. ನಿದ್ದೆ ಬೇಡದವರು ಅಶೋಕ ರಸ್ತೆಯಲ್ಲಿ ಚರ್ಚಿನವರೆಗೆ ನಡೆಯಬಹುದು. ಸಂಜೆ ರಂಗಾಯಣದಲ್ಲಿ ನಾಟಕವಿದ್ದರೆ ಅರಮನೆಯ ದೀಪ ಬಿಡಬೇಕಾಗುತ್ತದೆ, ಎರಡೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ದೀಪ ನೋಡಿದವರು ನಾಟಕಕ್ಕೆ, ನೋಡದವರು ದೀಪಕ್ಕೆ ಹೋಗಿ, ಊಟಕ್ಕೆ ಸೇರಿದರೆ ಸ್ನೇಹಕ್ಕೇನೂ ಧಕ್ಕೆಯಿಲ್ಲ.

ದೀಪ ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಸಂಜೆ ಏಳಕ್ಕೆ. ಒಂದು ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹೊತ್ತುತ್ತವೆ, ಮುಕ್ಕಾಲು ಗಂಟೆಯಷ್ಟು ಉರಿದು ಒಟ್ಟಿಗೆ ಆರುತ್ತವೆ. ಫೋಟೋ ಚೆನ್ನಾಗಿ ಬರುವುದು ಋತುವಿನ ಮೇಲೆ ನಿಂತಿದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು 6.50ರ ಹೊತ್ತಿಗೆ, ಹಾಗಾಗಿ ಏಳಕ್ಕೆ ಆಕಾಶ ಇನ್ನೂ ನೀಲಿ, ದೀಪದ ಹಳದಿ ಅದರ ಮೇಲೆ ಎದ್ದು ಕಾಣುತ್ತದೆ, ಮೋಡ ಬಿಟ್ಟುಕೊಟ್ಟರೆ. ಡಿಸೆಂಬರಿನಲ್ಲಿ ಆರಕ್ಕೇ ಮುಳುಗಿ ಏಳಕ್ಕೆ ಪೂರ್ತಿ ಕತ್ತಲು. ಆಗ ಫೋನು ಕತ್ತಲನ್ನು ಸರಿದೂಗಿಸಲು ಹೋಗಿ ದೀಪಗಳನ್ನೆಲ್ಲ ಒಂದು ಬಿಳಿ ಮುದ್ದೆ ಮಾಡುತ್ತದೆ. ಪರದೆಯ ಮೇಲೆ ಅರಮನೆಯನ್ನು ಮುಟ್ಟಿ, ಬೆರಳನ್ನು ಕೆಳಗೆಳೆದು ಬೆಳಕು ತಗ್ಗಿಸಿ, ಆಮೇಲೆ ಕ್ಲಿಕ್ಕಿಸಿ. ಆರೂವರೆಗೇ ಒಳಗೆ ಸೇರಿಕೊಂಡು ನಡುಮಧ್ಯದ ಗುಂಪು ಬಿಟ್ಟು ಪಕ್ಕಕ್ಕೆ ನಿಂತರೆ ಮೇಲೆತ್ತಿದ ಫೋನುಗಳ ಕಾಟ ಕಡಿಮೆ.

ಇದಾದ ಮೇಲೆ ಭಾನುವಾರ ರಾತ್ರಿಯೇ ಬೆಂಗಳೂರಿಗೆ ಹೊರಡುವುದು ಎಲ್ಲರೂ ಮಾಡುವ ತಪ್ಪು. ಏಳೂಮುಕ್ಕಾಲಿಗೆ ಅರಮನೆಯ ಜನವೆಲ್ಲ ಒಮ್ಮೆಲೇ ಹೊರಬೀಳುತ್ತದೆ, ಆಟೋ ಸಿಗುವುದಿಲ್ಲ, ಊಟಕ್ಕೆ ಸಾಲು, ಹೆದ್ದಾರಿಯವರಿಗೆ ಕೆಂಗೇರಿಯ ಹತ್ತಿರ ವಾಹನಗಳ ಸಾಲು. ರಾತ್ರಿ ಉಳಿದು ಸೋಮವಾರ ಬೆಳಗಿನ ಜಾವದ ರೈಲು ಹಿಡಿಯಿರಿ. ಮೈಸೂರಿನಿಂದಲೇ ಹೊರಡುವ ಗಾಡಿಗಳಲ್ಲಿ ಇಪ್ಪತ್ತು ನಿಮಿಷ ಮೊದಲು ಹೋದರೆ ಕಾಯ್ದಿರಿಸದ ಬೋಗಿಯಲ್ಲೂ ಕಿಟಕಿ ಪಕ್ಕದ ಸೀಟು ಸಿಗುತ್ತದೆ, ಮಂಡ್ಯದಲ್ಲಿ ದಿನಾ ಓಡಾಡುವವರು ತುಂಬಿಕೊಳ್ಳುವ ಮೊದಲು. ಚಿಗುರೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ಮೇಲ್ಭಾಗದಲ್ಲಿಡಿ. ಮೈಸೂರು ಪಾಕನ್ನು ಇಬ್ಬರೂ ಬೇರೆಬೇರೆ ಡಬ್ಬಿಯಲ್ಲಿ ಹಂಚಿಕೊಂಡಿರಿ, ಒಂದೇ ಡಬ್ಬಿಯಾದರೆ ರಾಮನಗರ ದಾಟುವುದಿಲ್ಲ.